ಹೇಳಿದವರ ಹೆಸರು

ತೊಗರ್ಸಿ ಹತ್ತಿರದ ಒಂದು ಕೆರೆಗೆ ನಾನು ನೀರುಗಂಟಿ. ತೂಬು ಎತ್ತಿ ಗದ್ದೆಗಳಿಗೆ ನೀರು ಬಿಡುವುದು ನನ್ನ ಕೆಲಸ. ಉಳುವವನಿಗೇ ಭೂಮಿ ಅಂತ ಗೇಣಿದಾರರು ಅರ್ಜಿ ಹಾಕುತ್ತಿದ್ದ ವರ್ಷ ನನ್ನ ಹೆಂಡತಿ ಹಾಲಮ್ಮ ತೀರಿಕೊಂಡಳು. ಆ ಬೇಸಿಗೆಯಲ್ಲಿ ಊರಲ್ಲಿ ನೀರಿಗೆ ಜಗಳ. ಆಗಲೇ ಕಾಲೇಜಿನ ಹುಡುಗಿಯೊಬ್ಬಳು ಏರಿ ಮೇಲಿನ ಶಾಸನ ಓದಲು ಬಂದಳು. ಹಳೇ ಕಾಲದ ನೀರಿನ ಕಟ್ಟಳೆಗೂ ಈಗಿನ ಜಗಳಕ್ಕೂ ಏನು ಸಂಬಂಧ ಅಂತ ಪ್ರಬಂಧ ಬರೆಯುತ್ತಾಳಂತೆ.

“ನೀರು ಕಡಿಮೆಯಾದ್ರೆ ಕೊನೇ ಗದ್ದೆಗೆ ಮೊದಲು ಬಿಡಬೇಕು ಅಂತ ಕಲ್ಲಲ್ಲಿದೆ. ನೀವೂ ಹಾಗೇ ಬಿಡ್ತೀರಂತಲ್ರೀ. ಇದನ್ನ ಓದಿದ್ರಾ?”

“ಆ ಅಕ್ಷರ ನನಗೆಲ್ಲಿ ಬರ್ತದೆ ತಾಯಿ. ಹಾಲಮ್ಮ ಹೇಳಿದ್ಲು. ಆನವಟ್ಟಿ ಕಡೆಯವಳು, ಅವಳಪ್ಪನೂ ನೀರುಗಂಟಿ. ಕೊನೆಯವರ ಗದ್ದೆ ಒಣಗಿಸಿದ್ರೆ, ಏರಿ ಬಿರಿದ ದಿನ ಅವರು ಮಣ್ಣು ಹಾಕೋಕೆ ಹಾರೆ ಹಿಡಿದು ಬರಲ್ಲ ಅನ್ನೋಳು.”

ಹುಡುಗಿ ಅದನ್ನು ಬರೆದುಕೊಂಡು, ಹೇಳಿದವರು ಅಂತ ನನ್ನ ಹೆಸರು ಹಾಕಿದಳು.

“ಹಾಲಮ್ಮ ಅಂತ ಬರಿ.”

“ನಾನು ಕೇಳಿದ್ದು ನಿಮ್ಮ ಹತ್ರ ಅಲ್ವೇನ್ರೀ ಯಜಮಾನ್ರೇ. ತೀರಿಕೊಂಡವರ ಹೆಸರು ಹಾಕಿದ್ರೆ ನಮ್ಮ ಮೇಷ್ಟ್ರು ಒಪ್ಪಲ್ಲ.”

“ಕಲ್ಲು ಬರೆಸಿದವರು ಬದುಕಿದ್ದಾರಾ?”

ಅವಳು ನನ್ನ ಹೆಸರಿನ ಮೇಲೆ ಗೆರೆ ಎಳೆದಳು. ಹಾಲಮ್ಮನ ಹೆಸರು ಪಹಣಿಯಲ್ಲೂ ಇರಲಿಲ್ಲ. ಇಲ್ಲಾದರೂ ಇರಲಿ ಅಂತ ನನ್ನ ಆಸೆ.

ಕಡೆಗೆ ಏನೋ ಬರೆದು ಓದಿದಳು: “ಹೇಳಿದವರು ಹಾಲಮ್ಮ, ಗಂಡನ ಮೂಲಕ. ಸರೀನಾ?”

ಸರಿ ಅಂದೆ. ಇಪ್ಪತ್ತೆಂಟು ವರ್ಷ ನಮ್ಮ ಮನೆ ನಡೆದದ್ದೂ ಹಾಗೇ. ಊರವರು ನನ್ನನ್ನು ತಿಳಿದವನು ಅನ್ನುತ್ತಿದ್ದರು. ನಾನೂ ಅಲ್ಲ ಅಂದವನಲ್ಲ.