ಚಿಟ್ಟೆ ಅರೆಯುವ ಲಕ್ಷ್ಮೀನಾರಾಯಣ

ಮುಳಬಾಗಿಲಿನ ಪುರೋಹಿತರ ಮನೆಯಲ್ಲಿ ಹುಟ್ಟಿದವನು ದಿನಕ್ಕೆ ಇನ್ನೂರು ಮುನ್ನೂರು ಚಿಟ್ಟೆ ಅರೆದು ಸಂಬಳ ತರುತ್ತಾನೆಂದರೆ ಹೆತ್ತವಳಿಗೆ ಹೇಗಾಗಬೇಡ? ಜಾನಕಮ್ಮ ಮಗನ ತಲೆಗೆ ಹಿತ್ತಲಿನಲ್ಲೇ ಎರಡು ಕೊಡ ನೀರು ಸುರಿದು ಆಮೇಲೆ ಒಳಗೆ ಬಿಡುತ್ತಿದ್ದರು. ತಾನು ಕೊಲ್ಲುವವನಲ್ಲ, ಪರೀಕ್ಷಿಸುವವನು ಎಂದು ಲಕ್ಷ್ಮೀನಾರಾಯಣ ನೀರು ಬೀಳುತ್ತಿರುವಾಗಲೂ ವಾದಿಸುತ್ತಿದ್ದ. ಬಾಯಿಗೆ ನೀರು ಹೋಗಿ ವಾದ ಅರ್ಧಕ್ಕೇ ನಿಲ್ಲುತ್ತಿತ್ತು.

ಅವನ ಕೆಲಸ ಕೋಲಾರದ ಒಂದು ರೇಷ್ಮೆ ಮೊಟ್ಟೆ ಕೇಂದ್ರದಲ್ಲಿ. ಹೆಣ್ಣು ಚಿಟ್ಟೆ ಹಾಳೆಯ ಮೇಲೆ ಮೊಟ್ಟೆ ಇಟ್ಟಾದ ಮೇಲೆ ಅದನ್ನು ಪಿಂಗಾಣಿ ಒರಳಿನಲ್ಲಿ ಅರೆದು, ಒಂದು ಹನಿಯನ್ನು ಸೂಕ್ಷ್ಮದರ್ಶಕದಲ್ಲಿ ನೋಡಬೇಕು. ಅಕ್ಕಿಕಾಳಿನಂಥ ಹೊಳೆಯುವ ಕಣ ಕಂಡರೆ ಅದು ಗಂಟುರೋಗ, ತಾಯಿಯಿಂದ ಮೊಟ್ಟೆಗೆ ಇಳಿಯುವಂಥದು. ಆ ತಾಯಿಯ ಮೊಟ್ಟೆಯನ್ನೆಲ್ಲ ಸುಡಬೇಕು. ಹನ್ನೊಂದು ವರ್ಷ ಒಂದು ಕಣ್ಣು ಮುಚ್ಚಿ ನೋಡಿದ ಅಭ್ಯಾಸವೋ ಏನೋ, ಬೇರೆಯವರ ಮಾತನ್ನೂ ಅವನು ಅರ್ಧವೇ ಕೇಳುತ್ತಿದ್ದ. ರೈತರು ‘ಅಯ್ನೋರೇ’ ಎಂದು ಕರೆದರೆ ಅದು ತನ್ನ ವಿದ್ಯೆಗೆ ಸಂದ ಗೌರವವೆಂದೇ ಅವನ ಲೆಕ್ಕ.

ಎಪ್ಪತ್ತೇಳನೇ ಇಸವಿಯಲ್ಲಿ ಅವನ ಕಿವಿಗೆ ಸುಗಟೂರಿನ ಬೈರಮ್ಮನ ಸುದ್ದಿ ಬಿತ್ತು. ಆಕೆ ಎಂದೂ ಕೇಂದ್ರದಿಂದ ಮೊಟ್ಟೆ ಕೊಂಡವಳಲ್ಲ. ಮದುವೆಯಾಗಿ ಬಂದಾಗ ತಾಯಿ ಮಡಿಲಕ್ಕಿಯ ಜೊತೆ ಒಂದು ಬಟ್ಟೆಯಲ್ಲಿ ಮೊಟ್ಟೆ ಕಟ್ಟಿಕೊಟ್ಟಿದ್ದಳು. ವರ್ಷಕ್ಕೆ ಐದು ಬೆಳೆಯಂತೆ ಮೂವತ್ತು ವರ್ಷದಿಂದ ಅದೇ ಸಂತಾನ. ಮಗಳು ಆದಿಲಕ್ಷ್ಮಿಯನ್ನು ಟೇಕಲ್ಲಿಗೆ ಕೊಟ್ಟಾಗ ಬೈರಮ್ಮನೂ ಹಾಗೆಯೇ ಕಟ್ಟಿಕೊಟ್ಟಳು. ಆ ಮನೆತನದ ಹೆಂಗಸರಿಗೆ ಒಂದು ಕಟ್ಟಳೆಯಿತ್ತು: ಬೇರೆ ಮನೆಯ ಹುಳವಾಗಲಿ ತಟ್ಟೆಯಾಗಲಿ ಹೊಸಿಲು ದಾಟಿ ಬರಕೂಡದು, ತಮ್ಮದೂ ಹೊರಗೆ ಹೋಗಕೂಡದು, ಹೆಣ್ಣುಮಕ್ಕಳ ಮಡಿಲಲ್ಲಿ ಹೋಗುವುದೊಂದನ್ನು ಬಿಟ್ಟು.

ಸ್ವಂತ ಬಿತ್ತನೆ ಕಾನೂನಿಗೆ ವಿರುದ್ಧವೆಂದು ಗದರಲು ಹೋದ ಲಕ್ಷ್ಮೀನಾರಾಯಣ ಹತ್ತು ಚಿಟ್ಟೆಗಳನ್ನು ತಂದು ಅರೆದು ನೋಡಿದ. ಹತ್ತರಲ್ಲೂ ರೋಗದ ಕಣವಿತ್ತು. ಆದರೆ ಬೈರಮ್ಮನ ಮನೆಯಲ್ಲಿ ಹುಳಗಳು ತಟ್ಟೆಯಲ್ಲಿ ಪಟಪಟ ಸೊಪ್ಪು ಮೇಯುತ್ತಿದ್ದವು. ಗೂಡು ಸ್ವಲ್ಪ ಸಣ್ಣದು, ಅಷ್ಟೆ. ರೋಗವನ್ನು ಗೆದ್ದ ತಳಿಯೊಂದನ್ನು ತಾನು ಕಂಡುಹಿಡಿದೆನೆಂದು ಅವನಿಗೆ ಆ ಕ್ಷಣವೇ ಖಾತ್ರಿಯಾಯಿತು. ಇಲಾಖೆಯ ವಾರ್ಷಿಕ ಸಭೆಗೆಂದು ವರದಿಯ ತಲೆಬರಹವನ್ನೂ, ಅದರ ಕೆಳಗೆ ತನ್ನ ಹೆಸರನ್ನೂ ಬರೆದ. ನಡುವಿನದಷ್ಟೇ ಬಾಕಿ.

ಅದಕ್ಕಾಗಿ ಪ್ರಯೋಗ. ಕೇಂದ್ರದ ಹೊಸ ಮಿಶ್ರತಳಿ ಹುಳಗಳನ್ನು ಬೈರಮ್ಮನ ಮನೆಯಲ್ಲಿ ಅವಳ ಹುಳದ ಜೊತೆಗೇ ಮೇಯಿಸುವುದು, ಅವಳ ಮೊಟ್ಟೆಯನ್ನು ಪಕ್ಕದ ಮನೆಯ ಶ್ಯಾಮಲಮ್ಮನಿಗೂ ಕೊಡುವುದು. ಬೈರಮ್ಮ ಕಟ್ಟಳೆಯ ಮಾತೆತ್ತಿದಳು. ಅವನು ಅದು ಮೂಢನಂಬಿಕೆ ಎಂದು ನಕ್ಕು, ಅರ್ಧ ಗಂಟೆ ಉಪನ್ಯಾಸ ಕೊಟ್ಟ. ಓದಿದವರು ಇಷ್ಟು ದೂರ ಬಸ್ಸು ಹತ್ತಿ ಬಂದು ಹೇಳುವಾಗ ಹೇಗೆ ಇಲ್ಲವೆನ್ನುವುದೆಂದು ಅವಳು ಒಪ್ಪಿದಳು.

ಮೊದಲ ಬೆಳೆಯಲ್ಲಿ ಕೆಲವು ಹುಳ ಬೆಳೆಯದೆ ಗಿಡ್ಡಗೆ ಉಳಿದವು. ಲಕ್ಷ್ಮೀನಾರಾಯಣ ಅದಕ್ಕೆ ಸೊಪ್ಪನ್ನು ಬೈದ. ಎರಡನೆಯದರಲ್ಲಿ ಮೂರನೇ ಒಂದು ಪಾಲು ಹೋಯಿತು. ಆಗ ಸೆಖೆಯನ್ನು ಬೈದ. ಮೂರನೆಯ ಬೆಳೆ ನಾಲ್ಕನೇ ಜ್ವರಕ್ಕೆ, ಎಂದರೆ ಹುಳ ಕೊನೆಯ ಸಲ ಪೊರೆ ಬಿಡುವ ಹೊತ್ತಿಗೆ, ಮೈಮೇಲೆ ಮೆಣಸು ಉದುರಿಸಿದಂತೆ ಚುಕ್ಕೆ ಎದ್ದು ಎರಡೂ ಮನೆಯಲ್ಲಿ ಪೂರ್ತಿ ಸತ್ತಿತು. ಬೈರಮ್ಮನ ಹುಳಗಳೂ ಉಳಿಯಲಿಲ್ಲ. ಈ ಸಲ ಬೈಯಲು ಏನೂ ಇರಲಿಲ್ಲ. ಶ್ಯಾಮಲಮ್ಮ ತಟ್ಟೆಗಳನ್ನು ತಿಪ್ಪೆಗೆ ಕೊಡವಿ, ಮನೆಗೆ ಯಾರದೋ ಕಣ್ಣು ಬಿದ್ದಿದೆಯೆಂದು ಬಾಗಿಲಿಗೆ ನಿಂಬೆಹಣ್ಣು ಕಟ್ಟಿದಳು.

ಬೈರಮ್ಮ ಅಳಲಿಲ್ಲ. ಬಸ್ಸು ಹತ್ತಿ ಟೇಕಲ್ಲಿಗೆ ಹೋದಳು. ಆದಿಲಕ್ಷ್ಮಿಯ ಮನೆಯಲ್ಲಿ ಆ ಸಂತಾನ ಇನ್ನೂ ಇತ್ತು, ಪ್ರಯೋಗದ ಗಾಳಿ ಸೋಕದೆ. ನಲವತ್ತು ಚಿಟ್ಟೆಗಳಿಂದ ಬೇರೆಬೇರೆ ಹಾಳೆಯ ಮೇಲೆ ಮೊಟ್ಟೆಯಿಡಿಸಿ, ಹಾಳೆಗಳನ್ನು ಅಲ್ಲೇ ಬಿಟ್ಟು, ಪ್ರತಿ ಚಿಟ್ಟೆಯನ್ನೂ ಅದರ ಹಾಳೆಯ ಚೂರಿನಲ್ಲೇ ಸುತ್ತಿ, ಕೋಲಾರಕ್ಕೆ ತಂದು ಲಕ್ಷ್ಮೀನಾರಾಯಣನ ಮೇಜಿನ ಮೇಲಿಟ್ಟಳು.

“ಇದ್ರಾಗೆ ಒಂದು ತಾಯಿ ಚೆನ್ನಾಗಿದ್ರೂ ಸಾಕು ಅಯ್ನೋರೇ, ಬೆಳೆಸ್ಕೋತೀನಿ,” ಎಂದಳು.

ಹನ್ನೊಂದು ವರ್ಷ ಅವನು ರೋಗವನ್ನು ಹುಡುಕಿ ನೋಡುತ್ತಿದ್ದ. ಅಂದು ಅದು ಕಾಣದಿರಲಿ ಎಂದು ನೋಡಿದ. ಮೊದಲನೆಯದರಲ್ಲಿ ನಾಲ್ಕು ಕಣ. ಹದಿನೈದನೆಯದರಲ್ಲಿ ಎರಡು. ಮೂವತ್ತಾರನೆಯದು ಶುಭ್ರವೆಂದು ಉಸಿರು ಬಿಡುವಷ್ಟರಲ್ಲಿ ಅಂಚಿನಲ್ಲೊಂದು ಹೊಳೆಯಿತು. ಹನಿ ಬದಲಿಸಿ ನೋಡಿದ, ಗಾಜು ಒರೆಸಿ ನೋಡಿದ. ನಲವತ್ತರಲ್ಲಿ ನಲವತ್ತೂ. ಆ ಕೋಣೆಯಲ್ಲಿ ಅದನ್ನು ನೋಡಬಲ್ಲವನು ಅವನೊಬ್ಬನೇ. ಮೂರು ಚೆನ್ನಾಗಿವೆ ಎಂದಿದ್ದರೆ ಕೇಳುವವರಿರಲಿಲ್ಲ.

“ಒಂದೂ ಇಲ್ಲಮ್ಮ,” ಎಂದ.

ತನ್ನ ತಾಯಿಯ ಕಾಲದಿಂದ ಇದ್ದ ರೋಗ ಈಗ ಯಾಕೆ ಕೊಂದಿತೆಂದು ಬೈರಮ್ಮ ಕೇಳಿದಳು. ಅವನು ಈ ಸಲ ಉಪನ್ಯಾಸ ಕೊಡಲಿಲ್ಲ. ಮೂರು ಬೆಳೆಯ ಸಾವು ತಲೆಯಲ್ಲಿ ಒಂದರ ಹಿಂದೊಂದು ಬಂದು ನಿಂತಿದ್ದರಿಂದ ಉತ್ತರ ನಿಧಾನವಾಗಿ, ಮೊದಲ ಸಲ ದನಿ ಎತ್ತರವಾಗದೆ, ಹೊರಟಿತು. ಅವರ ಮನೆಯಲ್ಲಿ ಎಲ್ಲ ಹುಳಕ್ಕೂ ಹುಟ್ಟಿನಿಂದಲೇ ಇದ್ದ ಆ ರೋಗಕ್ಕೆ ತಾಯಿಯಿಂದ ಮೊಟ್ಟೆಗೆ ಇಳಿಯುವುದು ಬಿಟ್ಟು ಬೇರೆ ದಾರಿ ಇರಲಿಲ್ಲ. ಮೊಟ್ಟೆಯಿಡುವ ಮೊದಲೇ ತಾಯಿಯನ್ನು ಕೊಂದ ರೋಗ ಅವಳೊಂದಿಗೇ ಅಳಿದುಹೋಯಿತು. ತಾಳಿಕೊಂಡು ಇದ್ದದ್ದು ಮಾತ್ರ ಉಳಿದು ಬಂತು. ಹುಳವೂ ಅದನ್ನು ಸಹಿಸುವುದನ್ನು ಕಲಿಯಿತು. ತಾನು ಒಂದೇ ತಟ್ಟೆಗೆ ಸಾವಿರ ಅನ್ಯ ಹುಳ ತುಂಬಿದಾಗ ಒಂದರ ಹಿಕ್ಕೆ ಇನ್ನೊಂದರ ಸೊಪ್ಪಿಗೆ ಬಿತ್ತು. ತಾಯಿ ಬದುಕಿದ್ದರೇನು ಸತ್ತರೇನು, ಪಕ್ಕದಲ್ಲೇ ಇನ್ನೊಂದು ಹೊಟ್ಟೆ. ಬೇಗ ಹೆಚ್ಚಿ ಬೇಗ ಕೊಲ್ಲುವುದೇ ಗೆದ್ದಿತು.

“ಅಂದ್ರೆ ಹುಳ ಗೆದ್ದಿರ್ಲಿಲ್ಲ. ಎರಡೂ ಹೊಂದ್ಕೊಂಡು ಸಂಸಾರ ಮಾಡ್ತಿದ್ವು,” ಎಂದಳು ಬೈರಮ್ಮ. “ನೀವು ಅದಕ್ಕೆ ಬೇರೆ ಬಾಗ್ಲು ತೋರಿಸ್ಬುಟ್ರಿ.”

“ಹೌದಮ್ಮ.”

ಟೇಕಲ್ಲಿನಲ್ಲಿ ಹಾಗೇ ಬಿಟ್ಟರೆ ಏನಾಗುತ್ತದೆ ಎಂದು ಅವಳು ಕೇಳಿದಳು. ಮಗಳ ಬೀದಿಯಲ್ಲಿ ಈಗ ಎಷ್ಟು ಮನೆಯವರು ಹೊಸ ಹುಳ ಮೇಯಿಸುತ್ತಾರೆ ಎಂದು ಅವನು ಕೇಳಿದ. ಆರು ಮನೆ ಎಂದಳು. ಒಂದು ತಟ್ಟೆ ಅದಲುಬದಲಾದರೂ ಸಾಕು ಎಂದು ಅವನು ಹೇಳಬೇಕಾಗಿ ಬರಲಿಲ್ಲ.

“ಏಮಿ ಸೇಸೇದಿ,” ಎಂದುಕೊಂಡಳು. ಮನಸ್ಸು ಸೋತಾಗ ‘ಏನು ಮಾಡುವುದು’ ಎನ್ನಲು ಆ ಕಡೆಯವರ ಬಾಯಿಗೆ ತೆಲುಗೇ ಬರುವುದು.

ಮರುದಿನ ಟೇಕಲ್ಲಿನಲ್ಲಿ ಮೊಟ್ಟೆಯ ಹಾಳೆಗಳನ್ನೂ ಉಳಿದ ಹುಳಗಳನ್ನೂ ಒಲೆಗೆ ಹಾಕಿದವಳು ಬೈರಮ್ಮನೇ. ಜೊತೆಗೆ ಹೋಗಿದ್ದ ಲಕ್ಷ್ಮೀನಾರಾಯಣ ಮುಂದೆ ಬಂದಾಗ ಕೈಯಿಂದ ತಡೆದಳು. ಬೇಯುವ ಹುಳದ ವಾಸನೆಗೆ ಆದಿಲಕ್ಷ್ಮಿ ಸೆರಗು ಮೂಗಿಗೆ ಹಿಡಿದು ಹೊರಗೆ ಹೋದಳು. ಬೈರಮ್ಮ ಒಲೆ ಆರುವವರೆಗೆ ಕೂತಿದ್ದು, ತನ್ನ ತಾಯಿಯ ಹೆಸರನ್ನು ಒಮ್ಮೆ ಹೇಳಿ ಎದ್ದಳು.

ಸಂಜೆಯ ಬಸ್ಸಿನಿಂದ ಇಬ್ಬರೂ ಸುಗಟೂರಿನಲ್ಲಿ ಇಳಿದಾಗ ಅವಳು ತನ್ನ ಮನೆಗೆ ತಿರುಗದೆ ಶ್ಯಾಮಲಮ್ಮನ ಮನೆಯ ಕಡೆ ನಡೆದಳು. ತಮ್ಮ ಹುಳದ ರೋಗವೆಂದು ತಾನೇ ಹೇಳಬೇಕು, ಇಲ್ಲದಿದ್ದರೆ ಆ ಪುಣ್ಯಾತ್ಗಿತ್ತಿ ಇನ್ನಾರನ್ನೋ ಶಪಿಸುತ್ತ ಕೂರುತ್ತಾಳೆ ಎಂಬುದು ಅವಳ ಚಿಂತೆ. ಕೋಲಾರದ ಕೊನೆಯ ಬಸ್ಸಿಗೆ ಇನ್ನೂ ಹೊತ್ತಿತ್ತೋ ಇಲ್ಲವೋ, ಲಕ್ಷ್ಮೀನಾರಾಯಣ ನೋಡಲಿಲ್ಲ.

“ನೀವು ಇಲ್ಲೇ ಇರಿ,” ಎಂದು ಅವಳಿಗೆ ಹೇಳಿ, ಚಪ್ಪಲಿ ಬಿಟ್ಟು, ಶ್ಯಾಮಲಮ್ಮನ ಬಾಗಿಲಲ್ಲಿ ತಾನೇ ಮುಂದೆ ನಿಂತ.