ಬಸುರಾಗುವ ಮುಂಚಿನ ಊಟ

ನಾನು ಮದುವೆಯಾಗಿ ದಂಡಿನಶಿವರದ ಪಕ್ಕದ ಹಳ್ಳಿಗೆ ಬಂದಾಗ ಆ ಮನೆಯ ಅಟ್ಟದ ತುಂಬ ಕೊಬ್ಬರಿಯಾಗಲೆಂದು ಕೂಡಿಟ್ಟ ತೆಂಗಿನಕಾಯಿ ಇತ್ತು. ಆ ಅಟ್ಟದ ಕೆಳಗೇ ಕೂತು ನಾನು ಉಪವಾಸ ಮಾಡುತ್ತಿದ್ದೆ. ನೆನೆಸಿಕೊಂಡರೆ ಇವತ್ತಿಗೂ ಮೈ ಉರಿಯುತ್ತದೆ.

ಎಪ್ಪತ್ತರ ದಶಕದ ಕೊನೆಯ ಮಾತು. ಎರಡು ಸಲ ಬಸುರಾಗಿ, ಎರಡನ್ನೂ ಹೊಟ್ಟೆ ಕಾಣಿಸಿಕೊಳ್ಳುವ ಮೊದಲೇ ಕಳೆದುಕೊಂಡಿದ್ದೆ. ಅದಕ್ಕೆ ನಮ್ಮತ್ತೆ ಕಂಡುಕೊಂಡ ಔಷಧ ಉಪವಾಸ. ಸೋಮವಾರ ಒಪ್ಪತ್ತು, ಶನಿವಾರ ಪೂರ್ತಿ ನಿರಾಹಾರ, ಬೆಳಗಾಗುತ್ತಲೇ ತಣ್ಣೀರು ಸುರಿದುಕೊಂಡು ಒದ್ದೆ ಸೀರೆಯಲ್ಲಿ ಅರಳಿಮರ ಸುತ್ತುವುದು. ಮಿಕ್ಕ ದಿನ ಉಂಡೆಯಲ್ಲ ಅನ್ನುತ್ತೀರಾ? ಗಂಡಸರು ಉಂಡು, ಆಳುಗಳು ಉಂಡು, ಅತ್ತೆ ಉಂಡ ಮೇಲೆ ಸೊಸೆಯ ಸರದಿ. ಅಷ್ಟೊತ್ತಿಗೆ ಮುದ್ದೆ ತಣ್ಣಗಾಗಿರುತ್ತಿತ್ತು, ಸಾರಿನಲ್ಲಿ ಕಾಳು ಹುಡುಕಬೇಕಿತ್ತು. ಸೊಪ್ಪು ಬಿಡಿಸಿದವಳೂ ನಾನೇ, ಬೇಯಿಸಿದವಳೂ ನಾನೇ, ನನ್ನ ತಟ್ಟೆಗೆ ಬರುತ್ತಿದ್ದದ್ದು ಅದರ ನೀರು.

ಹೊಟ್ಟೆಯ ಪಾಡು ಇದಾದರೆ ಮನಸ್ಸಿನದು ಇನ್ನೊಂದು. ಬಾವಿಯ ಹತ್ತಿರ ಹೋದರೆ "ಏನಾದ್ರೂ ವಿಶೇಷವೇನೇ?" ಅನ್ನುವವರು, ಅಂದು ನನ್ನ ಹೊಟ್ಟೆ ನೋಡುವವರು. ತಿಂಗಳಿಗೊಮ್ಮೆ ಹೊರಗೆ ಕೂರಿಸುತ್ತಿದ್ದುದರಿಂದ ಉತ್ತರ ಊರಿಗೆಲ್ಲ ತಾನಾಗಿಯೇ ಗೊತ್ತಾಗುತ್ತಿತ್ತು. ಆ ದಿನಗಳು ಹತ್ತಿರ ಬಂದರೆ ಯಾರೂ ಏಳುವ ಮೊದಲೇ ಹೋಗಿ ನೀರು ಸೇದಿ ತಂದುಬಿಡುತ್ತಿದ್ದೆ.

ಒಂದು ದಿನ ಹಟ ಹಿಡಿದು ಗಂಡನನ್ನು ಹೊರಡಿಸಿಕೊಂಡು ತುರುವೇಕೆರೆಗೆ ಹೋದೆ. ಅಲ್ಲಿ ಒಬ್ಬರು ಲೇಡಿ ಡಾಕ್ಟರಿದ್ದರು. ಕಣ್ಣಿನ ರೆಪ್ಪೆ ಎಳೆದು ನೋಡಿದವರೇ, "ಮೈಯಲ್ಲಿ ರಕ್ತ ಎಲ್ಲಮ್ಮ ಇದೆ? ಈಗಲೇ ಬಸುರಾಗೋ ಆತುರ ಬೇಡ. ಮೊದಲು ನಿನ್ನ ಮೈಗೆ ಶಕ್ತಿ ಬರಲಿ" ಅಂದರು. ಕೆಂಪು ಮಾತ್ರೆ ಕೊಟ್ಟರು. ಬೆಳಿಗ್ಗೆ ಖಾಲಿ ಹೊಟ್ಟೆಯಲ್ಲಿ ಇರಬೇಡ, ಸೊಪ್ಪು, ಕಾಳು ತಿನ್ನು, ಹಾಲು ಕುಡಿ, ಕೊಬ್ಬರಿ ಬೆಲ್ಲ ನಿಮ್ಮ ಮನೆಯಲ್ಲೇ ಇದೆಯಲ್ಲ ಅಂದರು. "ಹೋದ ಎರಡೂ ನಿನ್ನ ತಪ್ಪಿನಿಂದ ಹೋಗಿಲ್ಲ, ಆ ಭಯ ಬಿಡು" ಅಂದಾಗ ನಾನು ಅಲ್ಲೇ ಅತ್ತುಬಿಟ್ಟೆ. ಆಮೇಲೆ ಅವರು ಯಜಮಾನರನ್ನೂ ಕರಿ, ಅವರನ್ನೂ ನೋಡಬೇಕು ಅಂದರು. ಯಜಮಾನರು ಹೊರಗೆ ಬೇವಿನಮರದ ಕೆಳಗೆ ಬೀಡಿ ಸೇದುತ್ತಿದ್ದರು. "ನಂಗೇನಾಗೈತೆ? ನೀನು ತೋರಿಸ್ಕಂಡ್ಯಲ್ಲ, ನಡಿ" ಅಂದರು.

ಮನೆಗೆ ಬಂದು ಡಾಕ್ಟರು ಹೇಳಿದ್ದನ್ನು ಅತ್ತೆಗೆ ಒಪ್ಪಿಸಿದೆ. ಅವರು ಅಕ್ಕಿ ಆರಿಸುತ್ತಿದ್ದವರು ಮೊರದಿಂದ ತಲೆಯೆತ್ತಲಿಲ್ಲ.

"ಬಸುರೇ ಇಲ್ಲ, ಬಸುರಿ ಊಟ ಎಂಥದೇ? ಮೊದ್ಲು ಬಸುರಾಗು, ಆಮೇಲೆ ತಿನ್ನೀವಂತೆ. ಬಾಣಂತಿ ಆದ್ರೆ ಕೊಬ್ರಿ ಅಂಟಿನುಂಡೆ ನಾನೇ ಕಟ್ಟಿ ಕೊಡ್ತೀನಿ."

ಅಂದರೆ ಗೆದ್ದು ಬಂದವಳಿಗೆ ಮಾತ್ರ ಊಟ. ಗೆಲ್ಲುವುದಕ್ಕೆ ಬೇಕಾದ ಶಕ್ತಿಯನ್ನು ಒದ್ದೆ ಸೀರೆಯಿಂದ ಹಿಂಡಿಕೊಳ್ಳಬೇಕಿತ್ತೇನೋ! ಶನಿವಾರದ ಉಪವಾಸ ಹಾಗೇ ಮುಂದುವರಿಯಿತು. ಮಾತ್ರೆಯನ್ನು ಸೆರಗಿನ ಗಂಟಿನಲ್ಲಿಟ್ಟುಕೊಂಡು ಕದ್ದು ನುಂಗುತ್ತಿದ್ದೆ.

ಆ ಬೇಸಿಗೆಯಲ್ಲಿ ಹೊಸ ತೆಂಗಿನ ಸಸಿ ನೆಡುವ ಯೋಚನೆಯಾಯಿತು. ಮಳೆ ಬಂದ ಮೇಲೆ ನೆಡುವ ಸಸಿಗೆ ಬಿಸಿಲಿರುವಾಗಲೇ ಗುಂಡಿ ತೋಡಿದರು. ಗಂಡ ಗಾಡಿಯಲ್ಲಿ ಕೆರೆಯ ಗೋಡುಮಣ್ಣು ಹೊಡೆದು ತಂದರು. ಕೊಟ್ಟಿಗೆ ಗೊಬ್ಬರ ಬಿತ್ತು, ಉಪ್ಪು ಬಿತ್ತು. ಒಲೆಯ ಬೂದಿಯನ್ನು ಅತ್ತೆಯೇ ಕುಕ್ಕೆಗೆ ತುಂಬಿ, "ಗುಂಡಿ ಚೆನ್ನಾಗಿ ಕಳಿಬೇಕು ಕಣಪ್ಪ, ಬರೀ ಮಣ್ಣಿಗೆ ಇಟ್ರೆ ಸಸಿ ಹಿಡಿಯಕಿಲ್ಲ" ಎಂದು ಮಗನಿಗೆ ಹೇಳಿದರು. ಅವತ್ತು ಶನಿವಾರ. ಒಲೆಯ ಮುಂದೆ ಕೂತಿದ್ದ ನನಗೆ ಕಣ್ಣು ಕತ್ತಲೆ ಬರುತ್ತಿತ್ತು.

"ಅತ್ತೆ, ಇನ್ನೂ ನೆಡದೇ ಇರೋ ಸಸಿಗೆ ಈಗ್ಲೇ ಉಣ್ಣಾಕ್ ಇಡ್ತಿದ್ದೀರಲ್ಲ. ನಂಗ್ಯಾಕೆ ಬರೀ ಮಣ್ಣು?"

ಅಂದವಳೇ ಎದ್ದು, ಅವರೆದುರಿಗೇ ಡಬ್ಬಿಯಿಂದ ಕೊಬ್ಬರಿ, ಬೆಲ್ಲ ತೆಗೆದು ಕಚ್ಚಿದೆ. ಗಂಡ ಬಾಗಿಲಲ್ಲಿ ನಿಂತಿದ್ದವರು ನೆಲ ನೋಡಿದರು. ನನ್ನನ್ನು ನಾನೇ ಒಂದು ಗುಂಡಿಗೆ ಹೋಲಿಸಿಕೊಂಡು ಊಟ ಕೇಳಬೇಕಾಯಿತಲ್ಲ ಎಂಬ ಸಿಟ್ಟು ಇನ್ನೂ ಆರಿಲ್ಲ. ಆದರೆ ಆ ಮನೆಗೆ ಅರ್ಥವಾಗುವ ಮಾತು ಅದೊಂದೇ ಆಗಿತ್ತು.

ಅತ್ತೆ ಬಯ್ಯಲಿಲ್ಲ. ಕುಕ್ಕೆ ಎತ್ತಿಕೊಂಡು ತೋಟಕ್ಕೆ ಹೋದರು. ಮಾರನೆಯ ದಿನದಿಂದ ಬೆಳಿಗ್ಗೆ ನನಗೊಂದು ರೊಟ್ಟಿ ಉಳಿಯತೊಡಗಿತು. ಶನಿವಾರ ಬಂದರೆ ಯಾರೂ ಅರಳಿಮರದ ಮಾತೆತ್ತಲಿಲ್ಲ. ಗಂಡ ಮಾತ್ರ ಡಾಕ್ಟರ ಹತ್ತಿರ ಕೊನೆಗೂ ಬರಲಿಲ್ಲ. ಸಸಿಗಳು ಹೊಸ ಗರಿ ಬಿಡುವ ಹೊತ್ತಿಗೆ ನನ್ನ ಕೆನ್ನೆಗೆ ಬಣ್ಣ ಬಂದಿತ್ತು, ರಾತ್ರಿ ನಿದ್ದೆ ಹತ್ತುತ್ತಿತ್ತು. ಆಮೇಲೆ ನಿಂತ ಬಸುರು ಕೊನೆಯವರೆಗೂ ನಿಂತಿತು. ಮಗಳು ಹುಟ್ಟಿದಳು.

ತವರಿನಲ್ಲಿ ನನಗೆ ತಾಯಿ ಇರಲಿಲ್ಲ, ಬಾಣಂತನ ಅತ್ತೆಯೇ ಮಾಡಿದರು. ಮಗು ನೋಡಲು ಬಂದ ಹೆಂಗಸರು, "ಅಂತೂ ಅರಳಿಮರದ ದೇವ್ರು ಕಣ್ಬುಟ್ಟ ಕಣ್ರೀ" ಅಂದರು. ಅತ್ತೆ ಹೂಂಗುಟ್ಟಿದರು. ನನಗೆ ನಖಶಿಖಾಂತ ಉರಿಯಿತು. ಅವರು ಹೋದ ಮೇಲೆ ಅತ್ತೆ ಅಂಟಿನುಂಡೆ ತಂದು ಕೈಗಿಟ್ಟಾಗ ಕೇಳಿಯೇಬಿಟ್ಟೆ, "ಯಾಕತ್ತೆ ಹೂಂ ಅಂದ್ರಿ?"

ಅವರು ಮಗುವಿನ ತಲೆ ನೇವರಿಸಿದರು.

"ನಿನ್ ಗಂಡ ಹುಟ್ಟೋಕ್ ಮುಂಚೆ ನನ್ನವೂ ಹೋಗವೆ ಕಣೇ. ಉಪ್ವಾಸ ಸಾಲ್ದಾಯ್ತು ಅಂದ್ರು ನಮ್ಮತ್ತೆ. ಇಷ್ಟು ವರ್ಷ ನಾನೂ ಹಂಗೇ ಅಂದ್ಕಂಡಿದ್ದೆ."

ನಾನು ಉಂಡೆ ಮುರಿದು ಅರ್ಧ ಅವರ ಕೈಗೆ ಕೊಟ್ಟೆ. ಬಾಣಂತಿಯದು ಬೇಡ ಅನ್ನಲಿಲ್ಲ, ಬಾಯಿಗೆ ಹಾಕಿಕೊಂಡರು. ಅವತ್ತು ನನ್ನ ಸಿಟ್ಟು ಅವರನ್ನು ಬಿಟ್ಟಿತು. ಆದರೆ ಕಡಿಮೆಯಾಗಲಿಲ್ಲ.