ಪಾಸ್ ದಾಟಿದ ಭಾವ

ನಮ್ಮ ಭಾವನ ಮೀನಖಂಡಗಳು ಎಳೆ ಸೋರೆಕಾಯಿಯ ಹಾಗೆ ಉಬ್ಬಿಕೊಂಡು, ಎಣ್ಣೆ ಸವರಿದಂತೆ ಮಿರುಗುತ್ತಿದ್ದವು. ಅವನ್ನು ನೋಡದೆ ಅವರ ಮನೆಯೊಳಗೆ ಕಾಲಿಡುವುದು ಯಾರಿಗೂ ಸಾಧ್ಯವಿರಲಿಲ್ಲ. ಜನವರಿಯಲ್ಲಿ, ಲಂಡನ್ನಿನ ಅಂಚಿನ ಎಜ್‌ವೇರ್‌ನ ಬೀದಿಯಲ್ಲಿ ನಿಂತ ಕಾರುಗಳ ಗಾಜು ಹಿಮ ಹಿಡಿದು ಬೆಳ್ಳಗಾಗಿರುವಾಗಲೂ ಭಾವ ಮೊಣಕಾಲಿನ ಮೇಲಕ್ಕೇ ನಿಲ್ಲುವ ಚಡ್ಡಿ ತೊಟ್ಟು ಬಾಗಿಲು ತೆರೆಯುತ್ತಿದ್ದರು. ಬಂದವರು ಕೋಟು ಬಿಚ್ಚುತ್ತ "ಚಳಿ ಆಗಲ್ವಾ ಸರ್?" ಅನ್ನಬೇಕು. ಅನ್ನದಿದ್ದರೆ ಅನ್ನುವ ತನಕ ಅವರು ಬಾಗಿಲಲ್ಲೇ ನಿಂತಿರುತ್ತಿದ್ದರು. ಅಂದ ಮೇಲೆ ಒಂದು ಕಾಲನ್ನು ಸ್ವಲ್ಪ ಮುಂದಕ್ಕೆ ಚಾಚಿ, "ಬೆಟ್ಟ ಹತ್ತೋರಿಗೆ ಇದೆಲ್ಲ ಚಳಿನೇ ಅಲ್ಲ ಬಿಡಿ" ಎಂದು ಬೆಂಗಳೂರಿನ ಕನ್ನಡದಲ್ಲಿ ಹೇಳುತ್ತಿದ್ದರು. ಅವರದು ಬೆಳಗಾವಿ. ಮನೆಯವರೊಂದಿಗೆ ಬೆಳಗಾವಿಯ ಮಾತು, ನಾಲ್ಕು ಜನರ ಎದುರು ಬೆಂಗಳೂರಿನದು.

ಆಗ ಅವರು ಹತ್ತಿದ್ದ ಬೆಟ್ಟಗಳೆಂದರೆ ವೇಲ್ಸ್‌ನ ಕೆಲವು ಗುಡ್ಡಗಳು. ಅವುಗಳಲ್ಲಿ ಅತಿ ಎತ್ತರದ್ದರ ತುದಿಗೆ ರೈಲು ಹೋಗುತ್ತದೆ.

ನಾನು ಧಾರವಾಡದಿಂದ ಓದಲಿಕ್ಕೆಂದು ಲಂಡನ್ನಿಗೆ ಬಂದಾಗ ಭಾವ ನನ್ನನ್ನು ತಮ್ಮ ಮನೆಯ ಮಹಡಿಯ ಚಿಕ್ಕ ಕೋಣೆಯಲ್ಲಿ ಇರಿಸಿಕೊಂಡರು. ಹೀಥ್ರೋ ವಿಮಾನ ನಿಲ್ದಾಣಕ್ಕೆ ಕಾರು ತಂದು ಕರೆದುಕೊಂಡು ಹೋದರು. ನಮ್ಮ ಕಡೆಯಿಂದ ಬಂದ ಎಷ್ಟೋ ಹುಡುಗರನ್ನು ಹಾಗೆಯೇ ಕರೆತಂದಿದ್ದಾರೆ. ಒಳ್ಳೆಯದು ಮಾಡುತ್ತಿರಲಿಲ್ಲ ಎಂದು ನಾನು ಹೇಳಲಾರೆ. ಮಾಡಿದ್ದನ್ನು ಅವರು ಮರೆಯುತ್ತಿರಲಿಲ್ಲ, ನಮಗೂ ಮರೆಯಲು ಬಿಡುತ್ತಿರಲಿಲ್ಲ. ನಾನು ಓದು ಮುಗಿಸಿ, ಕೆಲಸ ಹಿಡಿದು, ಕೊಲಿಂಡೇಲ್‌ನಲ್ಲಿ ನನ್ನದೇ ಫ್ಲ್ಯಾಟ್ ಮಾಡಿಕೊಂಡು ವರ್ಷಗಳಾದ ಮೇಲೂ, ಹೊಸಬರ ಮುಂದೆ ನನ್ನ ಹೆಗಲ ಮೇಲೆ ಕೈಯಿಟ್ಟು "ಇವಳು ನಮ್ಮನೇಲೇ ಬೆಳೆದ ಹುಡುಗಿ" ಅನ್ನುತ್ತಿದ್ದರು. ನಾನು ಅವರ ಮನೆಗೆ ಬಂದಾಗ ನನಗೆ ಇಪ್ಪತ್ತೆರಡು ವರ್ಷ.

ಅವರ ಇನ್ನೊಂದು ಅಭ್ಯಾಸ ನನಗೆ ಇದಕ್ಕಿಂತ ಅಸಹ್ಯ ಹುಟ್ಟಿಸುತ್ತಿತ್ತು. ಅಕ್ಕನನ್ನು ಯಾರು ಏನು ಕೇಳಿದರೂ ಉತ್ತರ ಅವರದು. ಹೋಟೆಲಿನಲ್ಲಿ ಅವಳಿಗೆ ಏನು ಬೇಕೆಂದು ಹೇಳುವವರು ಅವರು. ಒಮ್ಮೆ ಅಕ್ಕನ ಬೆನ್ನುನೋವಿಗೆ ಜಿಪಿ, ಅಂದರೆ ಬಡಾವಣೆಯ ಡಾಕ್ಟರ ಹತ್ತಿರ ಹೋದಾಗ ನಾನೂ ಜೊತೆಗಿದ್ದೆ. ಡಾಕ್ಟರಮ್ಮ ಎಲ್ಲಿ ನೋಯುತ್ತದೆ ಎಂದು ಅಕ್ಕನ ಕಡೆ ತಿರುಗಿ ಕೇಳಿದರೆ, ಭಾವ ಕುರ್ಚಿ ಮುಂದಕ್ಕೆಳೆದು "ಶೀ ಈಸ್ ಫೈನ್, ವ್ಯಾಯಾಮ ಇಲ್ಲ ಅಷ್ಟೇ" ಎಂದರು. ಡಾಕ್ಟರಮ್ಮ ಮತ್ತೆ ಕೇಳಿದರು. ಅವರು ಮತ್ತೆ ಹೇಳಿದರು. ಅಕ್ಕ ನೋವಿನ ಮುಲಾಮು ಬರೆಸಿಕೊಂಡು ಮನೆಗೆ ಬಂದಳು.

ಅವರ ಮದುವೆಯ ಬೆಳ್ಳಿಹಬ್ಬ ಬಂತು. ದಕ್ಷಿಣ ಅಮೆರಿಕದ ಆಂಡಿಸ್ ಪರ್ವತಗಳಲ್ಲಿ ಹಲವು ದಿನಗಳ ಟ್ರೆಕ್ ಮಾಡಿ, ಎರಡು ಹಿಮಶಿಖರಗಳ ನಡುವಿನ ಎತ್ತರದ ದಾರಿಯನ್ನು ಗಂಡಹೆಂಡತಿ ಜೋಡಿಯಾಗಿ ದಾಟುವುದು ಎಂದು ಭಾವ ತೀರ್ಮಾನಿಸಿದರು. ಅಂಥ ದಾರಿಗೆ ಟ್ರೆಕ್ಕಿಂಗ್‌ನವರು ಪಾಸ್ ಅನ್ನುತ್ತಾರೆ. ಅಕ್ಕನನ್ನು ಕೇಳುವ ಮೊದಲೇ ಇಲ್ಫರ್ಡ್‌ನಲ್ಲಿ ನಡೆದ ಕನ್ನಡಿಗರ ಯುಗಾದಿ ಕೂಟದಲ್ಲಿ ಮೈಕು ಹಿಡಿದು ಸಾರಿಬಿಟ್ಟರು. ಚಪ್ಪಾಳೆ ಬಿತ್ತು. ಅಕ್ಕ ಹೋಳಿಗೆಯ ತಟ್ಟೆ ಹಿಡಿದುಕೊಂಡೇ ನಕ್ಕಳು. ಮನೆಗೆ ಬಂದ ಮೇಲೆ ಅವಳು ಹಾಕಿದ ಷರತ್ತು ಒಂದೇ: "ತಂಗಿ ಬಂದ್ರ ನಾ ಬರ್ತೀನಿ."

ತರಬೇತಿ ಶುರುವಾಯಿತು. ಟ್ಯೂಬ್ ಎಂಬ ನೆಲದಡಿಯ ರೈಲಿನ ನಾರ್ದರ್ನ್ ಲೈನಿನಲ್ಲಿರುವ ಹ್ಯಾಂಪ್‌ಸ್ಟೆಡ್ ಸ್ಟೇಷನ್ನು ನೆಲದಿಂದ ಬಹಳ ಆಳದಲ್ಲಿದೆ. ತುರ್ತಿಗೆ ಮಾತ್ರ ಬಳಸಿ ಎಂದು ಬೋರ್ಡು ಹಾಕಿರುವ ಸುರುಳಿ ಮೆಟ್ಟಿಲು ಅಲ್ಲುಂಟು. ಬೆನ್ನಿಗೆ ಅಕ್ಕಿಚೀಲ ತುಂಬಿದ ಬ್ಯಾಗು ಹಾಕಿಕೊಂಡು ಅಕ್ಕ ಆ ಮೆಟ್ಟಿಲು ಹತ್ತಬೇಕು. ಭಾವ ಲಿಫ್ಟಿನಲ್ಲಿ ಮೇಲೆ ಹೋಗಿ, ಮೊಬೈಲಿನಲ್ಲಿ ಸಮಯ ನೋಡುತ್ತ ನಿಂತಿರುತ್ತಿದ್ದರು. ಬೆವರಿಳಿಸಿಕೊಂಡು ಬಂದ ಅಕ್ಕನಿಗೆ "ಇವತ್ತೂ ಲೇಟ್" ಅನ್ನುತ್ತಿದ್ದರು. ನೀವೇಕೆ ಹತ್ತುವುದಿಲ್ಲ ಎಂದು ನಾನು ಒಂದು ಭಾನುವಾರ ಕೇಳಿದೆ. "ನಂದು ಬೇಸಿಕ್ ಫಿಟ್‌ನೆಸ್ ಅದ" ಎಂದರು.

ಪೆರು ದೇಶದಲ್ಲಿ ಇಳಿದು, ಒಂದು ಬೆಟ್ಟದೂರಿನಲ್ಲಿ ಎತ್ತರಕ್ಕೆ ಮೈ ಒಗ್ಗಿಸಿಕೊಂಡು, ನಡೆಯಲು ಶುರುಮಾಡಿದೆವು. ತಂಡದಲ್ಲಿ ಕನ್ನಡದವರು ನಾವು ಮೂವರೇ. ಉಳಿದವರು ಬೇರೆಬೇರೆ ದೇಶದವರು. ಗೈಡ್ ಅಲ್ಲಿಯವನೇ, ಕಡಿಮೆ ಮಾತಿನ ಸಿಡುಕ. ಎತ್ತರದಲ್ಲಿ ಗಾಳಿ ತೆಳುವಾದಂತೆ ಕೆಲವರಿಗೆ ಮಿದುಳು ಬಾವು ಬರುತ್ತದೆ, ತಕ್ಷಣ ಕೆಳಗಿಳಿಸದಿದ್ದರೆ ಜೀವಕ್ಕೆ ಅಪಾಯ, ಅದಕ್ಕೇ ತಲೆನೋವು ಬಂದರೆ ಮುಚ್ಚಿಡಬೇಡಿ ಎಂದು ಮೊದಲ ದಿನವೇ ಹೇಳಿದ್ದ. ಪ್ರತಿ ಬೆಳಿಗ್ಗೆ ಒಬ್ಬೊಬ್ಬರ ಎದುರೂ ನಿಂತು ಕೇಳುತ್ತಿದ್ದ. ಅಕ್ಕನ ಎದುರು ಬಂದು "ತಲೆ ಹೇಗಿದೆ?" ಅಂದರೆ, ಭಾವ ಪಕ್ಕದಿಂದ "ಶೀ ಈಸ್ ಫೈನ್" ಅನ್ನುತ್ತಿದ್ದರು.

ಅಕ್ಕ ಫೈನ್ ಆಗಿರಲಿಲ್ಲ. ಹುಲ್ಲುಗಾವಲು ಮುಗಿದು ಬರೀ ಕಲ್ಲು ಶುರುವಾದ ಕಡೆ ಅವಳಿಗೆ ತಲೆನೋವು ಹತ್ತಿತು. ಊಟ ಸೇರದಾಯಿತು. ನಾನು ಲಂಡನ್ನಿನಿಂದ ತಂದಿದ್ದ ಎತ್ತರದ ಬೇನೆಯ ಮಾತ್ರೆ ಕೊಟ್ಟರೆ ಭಾವ ಬಿಡಲಿಲ್ಲ.

"ಗುಳಿಗಿ ನುಂಗಿ ಹತ್ತೂದು ಹತ್ತೂದಲ್ಲ, ಮೋಸ. ಚಾ ತಪ್ಪಿದ್ರ ಮನ್ಯಾಗೂ ಅಕಿಗೆ ತಲಿನೋವು ಬರ್ತದ."

ನಾನು ಗೈಡ್‌ಗೆ ಹೇಳಿದೆ. ಅವನು ಬಂದು ಕೇಳಿದ. ಭಾವ ಅದೇ ಉತ್ತರ ಕೊಟ್ಟರು. ಗೈಡ್ ಅಕ್ಕನ ಮುಖವನ್ನೇ ನೋಡುತ್ತ ಮತ್ತೆ ಕೇಳಿದಾಗ ಅವಳೂ ಏನಿಲ್ಲವೆಂದು ತಲೆಯಾಡಿಸಿದಳು. ಅವನು ಹೋದ ಮೇಲೆ ನಾನು ಬೈದೆ. "ಇಷ್ಟು ದೂರ ಬಂದೀವಿ," ಎಂದಳು, "ಅವರ ಮಾರಿ ನೋಡು, ಹಬ್ಬದ ಹುಡುಗ್ರ ಹಂಗ ಇದ್ದಾರ."

ಪಾಸ್ ದಾಟಬೇಕಾದ ಬೆಳಿಗ್ಗೆ ಟೆಂಟಿನೊಳಗೆ ಅಕ್ಕ ಕಾಲು ಚಾಚಿ ಕೂತು, ಕೈಗವಸನ್ನು ಪಾದಕ್ಕೆ ಹಾಕಿಕೊಳ್ಳಲು ಹೆಣಗುತ್ತಿದ್ದಳು. ಬೆರಳು ಒಳಗೆ ಹೋಗುತ್ತಿಲ್ಲವೆಂದು ಅವಳಿಗೆ ಸಿಟ್ಟು ಬಂದಿತ್ತು. ನಾನು ಕೈಗವಸು ಕಿತ್ತುಕೊಂಡಾಗ ನನ್ನನ್ನು ನೋಡಿ "ಅವ್ವಾ, ಶಾಲಿಗೆ ಹೊತ್ತಾತು" ಎಂದಳು.

ನಾನು ಬೂಟಿನ ಲೇಸು ಕಟ್ಟದೆಯೇ ಓಡಿಹೋಗಿ ಗೈಡ್‌ನನ್ನು ಎಳೆದುಕೊಂಡು ಬಂದೆ. ಅವನು ಅಕ್ಕನನ್ನು ಹೊರಗೆ ನಿಲ್ಲಿಸಿ, ಒಂದು ಹೆಜ್ಜೆಯ ತುದಿಗೆ ಇನ್ನೊಂದರ ಹಿಮ್ಮಡಿ ತಾಗಿಸಿಕೊಂಡು ನೇರವಾಗಿ ನಡೆಯಲು ಹೇಳಿದ. ಅಕ್ಕ ಎರಡನೆಯ ಹೆಜ್ಜೆಗೇ ಪಕ್ಕಕ್ಕೆ ವಾಲಿ ನನ್ನ ಮೇಲೆ ಬಿದ್ದಳು.

ಭಾವ ಮುಖ ತೊಳೆದು, ಸನ್ ಕ್ರೀಮು ಹಚ್ಚಿಕೊಂಡು ಬಂದರು. ನೋಡಿದರು. "ಅವಳು ಎಜ್‌ವೇರ್‌ನಲ್ಲೂ ಹೀಗೇ ನಡೆಯೋದು" ಎಂದು ಇಂಗ್ಲಿಷಿನಲ್ಲಿ ಹೇಳಿ ನಕ್ಕರು.

"ಕೆಳಗೆ. ಈಗಲೇ" ಎಂದ ಗೈಡ್, ತುರ್ತಿಗೆಂದು ನಮ್ಮ ಜೊತೆ ಬರುತ್ತಿದ್ದ ಕುದುರೆಯನ್ನು ತರಲು ಕೂಗಿದ.

"ಪಾಸ್ ದಾಟಿದ ಮೇಲೆ ಆ ಕಡೆಗೂ ಇಳಿಜಾರೇ ಅಲ್ಲವಾ? ಅಲ್ಲಿ ಇಳಿದರೂ ಇಳಿದ ಹಾಗೇ ಆಯ್ತಲ್ಲ?" ಎಂದು ಭಾವ ವಾದಕ್ಕಿಳಿದರು.

ಗೈಡ್ ಅವರ ಕಡೆಗೆ ಬೆನ್ನು ತಿರುಗಿಸಿ ಕುದುರೆಗೆ ಜೀನು ಬಿಗಿಯತೊಡಗಿದ. ಆ ಬೆನ್ನು ಭಾವನಿಗೆ ಸಿಗಬೇಕಾಗಿದ್ದ ಮರ್ಯಾದೆ ಎಂದು ನನಗೆ ಈಗಲೂ ಅನ್ನಿಸುತ್ತದೆ.

ಆಗ ಭಾವ ನನ್ನನ್ನು ಒಂದು ಬಂಡೆಯ ಮರೆಗೆ ಕರೆದರು. ಹೆದರಿದ್ದಾರೆ, ಏನಾದರೂ ಕೇಳುತ್ತಾರೆ ಅಂದುಕೊಂಡೆ.

"ನೀ ಅಕಿ ಜೊತಿ ಇಳಿ. ಹೆಣ್ಮಕ್ಕಳಿಗೆ ಹೆಣ್ಮಕ್ಕಳಿದ್ರ ಅನುಕೂಲ. ನಾ ಬಂದು ಅಲ್ಲಿ ಏನ ಮಾಡ್ಲಿ? ಇಬ್ಬರ ರೊಕ್ಕಾನೂ ಹಾಳು, ಇಬ್ಬರ ಟ್ರೆಕ್ಕೂ ಹಾಳು."

"ಭಾವಾ, ಅಕಿ ನನ್ನನ್ನ ಅವ್ವಾ ಅಂತ ಕರೀಲಿಕ್ಕತ್ತಾಳ" ಎಂದೆ.

"ಕೆಳಗ ಹೋದ್ರ ಎಲ್ಲಾ ಸರಿ ಹೋಗ್ತದ. ನಾ ಓದೀನಿ" ಎಂದರು.

ಓದಿದ್ದರಂತೆ. ಹಾಗಾದರೆ ಇದು ಎಂಥ ಕಾಯಿಲೆಯೆಂದು ಗೊತ್ತಿತ್ತು ಎಂದಾಯಿತು. ಆ ಮಾತನ್ನು ನಾನು ಇವತ್ತಿಗೂ ಕ್ಷಮಿಸಿಲ್ಲ. ಆಮೇಲೆ ಅವರು ಅಕ್ಕನ ಬ್ಯಾಗಿನ ಹತ್ತಿರ ಹೋಗಿ ಮಂಡಿಯೂರಿ ಕೂತರು. ಅವಳ ಬೆಚ್ಚನೆಯ ಟೋಪಿ ಹುಡುಕುತ್ತಿದ್ದಾರೆ ಅಂದುಕೊಂಡೆ. ಒಳಗಿನಿಂದ ಬಟ್ಟೆಯ ಬ್ಯಾನರು ತೆಗೆದರು. ಎಜ್‌ವೇರ್‌ನಲ್ಲೇ ಅಚ್ಚು ಹಾಕಿಸಿಕೊಂಡು ತಂದಿದ್ದರು: ಮೇಲೆ ಬೆಳ್ಳಿಹಬ್ಬದ ಶುಭಾಶಯ, ಕೆಳಗೆ ಇಬ್ಬರ ಹೆಸರು. ಅದನ್ನು ಮಡಿಚಿ ಜೇಬಿಗಿಟ್ಟುಕೊಂಡು, ಕುದುರೆಯ ಮೇಲೆ ಕೂತಿದ್ದ ಅಕ್ಕನ ಮೊಣಕಾಲು ತಟ್ಟಿ, ತಂಡದ ಹಿಂದೆ ಮೇಲಕ್ಕೆ ಹೊರಟರು. ಮೀನಖಂಡಗಳು ಕಲ್ಲುಗಳ ನಡುವೆ ಮಿಂಚುತ್ತ ಹೋದವು.

ನಾವು ಇಳಿದೆವು. ಗೈಡ್‌ನ ಸಹಾಯಕನೊಬ್ಬ ಕುದುರೆ ಹಿಡಿದಿದ್ದ. ನಾನು ಪಕ್ಕದಲ್ಲಿ ಅಕ್ಕನ ಸೊಂಟಕ್ಕೆ ಕೈಕೊಟ್ಟು ನಡೆದೆ. ಆಲಿಕಲ್ಲು ಬಿತ್ತು. ಅಕ್ಕ ಕುದುರೆಯ ಕೇಸರದ ಮೇಲೆಯೇ ವಾಂತಿ ಮಾಡಿಕೊಂಡಳು. ಒಮ್ಮೊಮ್ಮೆ ಅವಳ ಕತ್ತು ಹಿಂದಕ್ಕೆ ಬೀಳುತ್ತಿತ್ತು, ನಾನು ಹೆಸರು ಹಿಡಿದು ಕೂಗಿದರೆ ಕಣ್ಣು ತೆರೆಯುತ್ತಿದ್ದಳು. ಕೂಗಿ ಕೂಗಿ ನನ್ನ ದನಿ ಬಿದ್ದುಹೋಯಿತು. ಕೊನೆಗೆ ಉಸಿರಿಲ್ಲದೆ ಅವಳ ತೊಡೆ ಚಿವುಟುತ್ತ ನಡೆದೆ.

ಮತ್ತೆ ಹುಲ್ಲು ಕಾಣಿಸಿಕೊಂಡು, ತೊರೆಯೊಂದು ಜೊತೆಗೂಡಿದ ಮೇಲೆ ಅಕ್ಕ ತಾನಾಗಿಯೇ ನೆಟ್ಟಗೆ ಕೂತಳು. "ಯಾಕ ಚಿವುಟಲಿಕ್ಕತ್ತೀಯ? ಉರೀತದ" ಎಂದಳು. ನಾನು ದಾರಿಯಲ್ಲೇ ಕೂತು ಅತ್ತುಬಿಟ್ಟೆ. ನೀರು ಕುಡಿದು, ಸುತ್ತಲೂ ನೋಡಿ, ಅವಳು ಕೇಳಿದಳು:

"ಅವರೆಲ್ಲಿ?"

"ಮ್ಯಾಲೆ."

ಅಕ್ಕ ನೀರಿನ ಬಾಟಲಿಯ ಮುಚ್ಚಳ ತಿರುಗಿಸಿ ಮುಚ್ಚಿದಳು. "ದಾಟ್ಲಿ ಬಿಡು" ಎಂದಳು ಆಮೇಲೆ. "ದಾಟದೇ ಬಂದ್ರ ಮನ್ಯಾಗ ನಾವೇ ಅನುಭವಿಸಬೇಕು."

ಕೆಳಗಿನ ಹಳ್ಳಿಯ ಆಸ್ಪತ್ರೆಯಲ್ಲಿ ಆಮ್ಲಜನಕ ಕೊಟ್ಟು ಮಲಗಿಸಿದರು. ಮೇಲೆಯೇ ಉಳಿದಿದ್ದರೆ ಇವರು ಬದುಕುತ್ತಿರಲಿಲ್ಲ ಎಂದು ಅಲ್ಲಿಯ ವೈದ್ಯೆ ನನಗೆ ಹೇಳಿದರು. ಟ್ರೆಕ್ ಮುಗಿಸಿಕೊಂಡು ಭಾವ ಬಂದಾಗ ಅಕ್ಕ ಹಾಸಿಗೆಯಲ್ಲಿ ಕೂತು ಸೂಪು ಕುಡಿಯುತ್ತಿದ್ದಳು. ಭಾವನ ಮೂಗಿನ ಸಿಪ್ಪೆ ಬಿಸಿಲಿಗೆ ಸುಲಿದಿತ್ತು, ಮುಖ ಹೆಮ್ಮೆಯಿಂದ ಬೀಗಿತ್ತು. ಬಾಗಿಲಲ್ಲೇ ನಿಂತು ಆಡಿದ ಮೊದಲ ಮಾತು: "ಎಂಥಾ ವ್ಯೂ ಮಿಸ್ ಮಾಡ್ಕೊಂಡ್ರಿ ನೀವು!"

ಫೋಟೋ ತೋರಿಸಿದರು. ಬೆಳ್ಳಿಹಬ್ಬದ ಬ್ಯಾನರಿನ ಒಂದು ತುದಿ ಭಾವನ ಕೈಯಲ್ಲಿ. ಇನ್ನೊಂದು ತುದಿಯನ್ನು ನಮ್ಮ ತಂಡದ ಗಡ್ಡದ ಜರ್ಮನಿಯವನು ಹಿಡಿದು ನಿಂತಿದ್ದ.

ಲಂಡನ್ನಿಗೆ ಬಂದ ಮೇಲೆ ಕಥೆ ಬೇರೆಯೇ ಆಯಿತು. ಇಲ್ಫರ್ಡ್‌ನ ಅದೇ ಹಾಲಿನಲ್ಲಿ, ಅದೇ ಮೈಕಿನಲ್ಲಿ ಭಾವ ಹೇಳಿದರು: "ಇವಳ ಮುಖ ನೋಡಿದ ತಕ್ಷಣ ನನಗೆ ಗೊತ್ತಾಯ್ತು. ಗೈಡ್ ಇನ್ನೂ ಯೋಚನೆ ಮಾಡ್ತಿದ್ದ. ನಾನೇ ಕುದುರೆ ಕರೆಸಿ ಕಳಿಸಿಬಿಟ್ಟೆ. ನನಗೂ ಇಳಿಯೋ ಮನಸ್ಸಿತ್ತು. ಇವಳೇ ಬಿಡಲಿಲ್ಲ. ನಮ್ಮಿಬ್ಬರ ಪರವಾಗಿ ನೀವು ದಾಟಿ ಬನ್ನಿ ಅಂದಳು." ಎದುರು ಕೂತ ಹೆಂಗಸರು ಕಣ್ಣೊರೆಸಿಕೊಂಡರು. ನಾನು ಎದ್ದು ನಿಂತೆ. ಅಕ್ಕ ನನ್ನ ಸೆರಗು ಹಿಡಿದು ಜಗ್ಗಿ ಕೂರಿಸಿದಳು.

ವಾಪಸ್ಸು ಬರುವಾಗ ಟ್ಯೂಬಿನಲ್ಲಿ ಭಾವ ದೂರದ ಸೀಟಿನಲ್ಲಿ ಯಾರಿಗೋ ಬೂಟಿನ ಬಗ್ಗೆ ಉಪದೇಶ ಮಾಡುತ್ತಿದ್ದರು. ನಿಜ ಹೇಳಲು ನನ್ನನ್ನು ಯಾಕೆ ಬಿಡಲಿಲ್ಲ ಎಂದು ನಾನು ಅಕ್ಕನನ್ನು ಕೇಳಿದೆ.

"ಅವರ ಹತ್ರ ಇರೂದು ಅದೊಂದೇ ಕಥಿ. ಅದನ್ನೂ ಕಸಕೊಂಡ್ರ ಅವರಿಗೆ ಏನ ಉಳೀತದ?" ಎಂದಳು.

ಆ ಕಥೆಯನ್ನು ಭಾವ ವರ್ಷಗಟ್ಟಲೆ ಹೇಳಿದರು. ಮ್ಯಾಂಚೆಸ್ಟರಿನಲ್ಲಿ ಓದುತ್ತಿದ್ದ ಅವರ ಮಗಳೂ ಅದನ್ನೇ ನಂಬಿದಳು. ಗೆಳತಿಯರಿಗೆ ತಂದೆಯ ಫೋಟೋ ತೋರಿಸಿ, ನನ್ನಪ್ಪ ಅಮ್ಮನ ಜೀವ ಉಳಿಸಿದವರು ಎಂದು ಇಂಗ್ಲಿಷಿನಲ್ಲಿ ಹೆಮ್ಮೆಯಿಂದ ಹೇಳುತ್ತಿದ್ದಳು. ಭಾವ ಕೇಳಿಸಿಕೊಂಡು ತಲೆಯಾಡಿಸುತ್ತಿದ್ದರು. ಕೊನೆಕೊನೆಗೆ ಅವರೂ ಅದನ್ನು ನಂಬಿದ್ದರೆಂದು ಕಾಣುತ್ತದೆ.

ಕಳೆದ ಚಳಿಗಾಲದಲ್ಲಿ ಅವರಿಗೆ ಆಗಾಗ ಎದೆ ಹಿಡಿದಂತಾಗುತ್ತಿತ್ತು. ಎದೆಯ ಪರೀಕ್ಷೆ ಮಾಡಿಸಿ ಎಂದು ಜಿಪಿ ಹೇಳಿದರೆ "ಡಾಕ್ಟರ್, ನಾನು ಆಂಡಿಸ್ ದಾಟಿದವನು" ಎಂದು ಎದ್ದು ಬಂದರಂತೆ. ಎಜ್‌ವೇರ್ ಸ್ಟೇಷನ್ನಿನ ಹೊರಗೆ, ಬಸ್ಸಿಗೆ ಕಾಯುತ್ತ ನಿಂತಲ್ಲೇ ಕುಸಿದರು. ಆಂಬುಲೆನ್ಸ್ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಮನೆ ತುಂಬ ಜನ ಬಂದರು. ಹಜಾರದಲ್ಲಿ ಚಪ್ಪಲಿ ಬೂಟುಗಳ ರಾಶಿ. ಒಬ್ಬೊಬ್ಬರೂ ತಮ್ಮನ್ನು ಏರ್‌ಪೋರ್ಟಿನಿಂದ ಕರೆತಂದದ್ದನ್ನು ನೆನೆದರು. ಅದು ನಿಜವೇ ಆದ್ದರಿಂದ ನಾನೂ ತಲೆದೂಗಿದೆ. ಆಗ ಇಲ್ಫರ್ಡ್‌ನಿಂದ ಬಂದ ಹಿರಿಯರೊಬ್ಬರು ಚಹಾದ ಲೋಟ ಕೈಯಲ್ಲಿ ಹಿಡಿದು, ಅಕ್ಕನ ಕಡೆ ಬಾಗಿ, "ಆ ಬೆಟ್ಟದಲ್ಲಿ ನಿಮ್ಮನ್ನ ಉಳಿಸಿಕೊಂಡ್ರಲ್ಲಮ್ಮ. ಎಂಥ ಧೈರ್ಯ, ಎಂಥ ಪ್ರೀತಿ!" ಎಂದರು.

"ಇಲ್ಲರೀ," ಎಂದಳು ಅಕ್ಕ. "ಕುದುರಿ ಕರೆಸಿದವ ಗೈಡ್. ನನ್ನ ಜೊತಿ ಇಳಿದಾಕಿ ನನ್ನ ತಂಗಿ. ಇವರು ಮ್ಯಾಲೆ ಹೋದ್ರು. ಚಾ ಆರ್ತದ, ಕುಡೀರಿ."

ಹಿರಿಯರು ಲೋಟ ಬಾಯಿಗಿಟ್ಟರು. ಅಡುಗೆಮನೆಯ ಬಾಗಿಲಲ್ಲಿ ಟ್ರೇ ಹಿಡಿದು ನಿಂತಿದ್ದ ಮಗಳು "ಮಮ್? ಈಸ್ ದಟ್ ಟ್ರೂ?" ಎಂದಳು.

"ಹೌದವಾ."

"ವೈ ಡಿಡಂಟ್ ಯೂ ಟೆಲ್ ಮಿ?"

"ಇದ್ದಾಗ ಹೇಳಿದ್ರ ಅವರು ತಡಕೋತಿರಲಿಲ್ಲ. ಈಗ ಅವರಿಗೆ ಏನೂ ಆಗೂದಿಲ್ಲ. ನಾ ಇನ್ನೂ ಇರಬೇಕಲ್ಲ, ಆ ಸುಳ್ಳು ಹೊತಗೊಂಡು ಹ್ಯಾಂಗ ಇರ್ಲಿ?"

ಮಗಳು ಟ್ರೇ ಕೆಳಗಿಟ್ಟು, ಅಷ್ಟು ಜನರ ನಡುವೆ ದಾರಿ ಮಾಡಿಕೊಂಡು ಬಂದು ತಾಯಿಯ ಪಕ್ಕ ನೆಲದ ಮೇಲೆ ಕೂತಳು. ಅಕ್ಕ ಮೊದಲಿನಿಂದ ಕೊನೆಯವರೆಗೆ ಎಲ್ಲವನ್ನೂ ಹೇಳಿದಳು. ಅವಳ ಬದಲಿಗೆ ಯಾರೂ ಮಾತಾಡಲಿಲ್ಲ.

ಜನರೆಲ್ಲ ಹೊರಟುಹೋದ ಮೇಲೆ ಅಕ್ಕ ಅತ್ತಳು, ಬಹಳ ಹೊತ್ತು ಅತ್ತಳು. ಅತ್ತದ್ದು ಗಂಡನಿಗಾಗಿಯೇ, ಅದರಲ್ಲಿ ನನಗೆ ಅನುಮಾನವಿಲ್ಲ. ನಾನು ಅವಳ ಬೆನ್ನು ಸವರುತ್ತ ಕೂತಿದ್ದೆ. ಅವರ ಮನೆಯ ಅನ್ನ ಉಂಡವಳು ನಾನು, ಆ ಋಣ ನನ್ನ ಮೇಲಿದೆ, ಇಲ್ಲವೆನ್ನುವುದಿಲ್ಲ. ಆದರೂ ಅವರಿಗಾಗಿ ನನಗೆ ಅಳು ಬರಲಿಲ್ಲ. ಇಂದಿಗೂ ಬಂದಿಲ್ಲ.